ನಲವತ್ತೊಂದು ಟಕ್ಕರ್

ಇಳಕಲ್ಲಿನ ಇಮಾಮಹುಸೇನನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದು ಅವನ ಹೆಂಡತಿ ರಂಜಾನಬಿಗೆ ಗೊತ್ತಿತ್ತು, ಅತ್ತೆ ಕಾಸಿಂಬಿಗೆ ಗೊತ್ತಿತ್ತು, ಮೇಲಿರುವ ಅಲ್ಲಾನಿಗೆ ಗೊತ್ತಿತ್ತು. ಉಳಿದವರಿಗೆ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ದೇಶದಲ್ಲಿ ಹೋದ ತಿಂಗಳು ಯಾವ ಕಂಪನಿಯ ಯಾವ ಕಾರು ಎಷ್ಟು ಮಾರಾಟವಾಯಿತು ಎಂಬುದನ್ನು ಮಗ್ಗಿಯಂತೆ ಒಪ್ಪಿಸುವ ಮನುಷ್ಯನಿಗೆ, ಕ್ಲಚ್ಚು ಯಾವ ಕಾಲಿನಿಂದ ತುಳಿಯುತ್ತಾರೆ ಗೊತ್ತೇನು ಎಂದು ಕೇಳುವ ಧೈರ್ಯ ಯಾರಿಗಿದ್ದೀತು?

ಅವನ ಹೊಟ್ಟೆಪಾಡು ಬೇರೆಯೇ. ಅಬ್ದುಲಸಾಬರ ಸೀರೆ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಬಿಳಿ ಗಾದಿಯ ಮೇಲೆ ಕುಳಿತು ಹೆಂಗಸರ ಮುಂದೆ ಸೀರೆ ಬಿಚ್ಚುವುದು, ಮತ್ತೆ ಮಡಚುವುದು. ಆದರೆ ತಿಂಗಳ ಮೊದಲ ತಾರೀಖು ಬಂತೆಂದರೆ ಅವನು ಬೇರೆ ಮನುಷ್ಯ. ಅಂದು ಕಾರು ಕಂಪನಿಗಳು ಮಾರಾಟದ ಲೆಕ್ಕ ಹೊರಗೆಡಹುವ ದಿನ. ಇಮಾಮಹುಸೇನ ಮಧ್ಯಾಹ್ನದ ನಮಾಜು ಮುಗಿಸಿ, ಬಸ್‌ಸ್ಟ್ಯಾಂಡಿನೆದುರಿನ ತಿಮ್ಮಣ್ಣನ ಚಹಾದಂಗಡಿಗೆ ಬಂದು, ಮೊಬೈಲು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದ. ಚುನಾವಣೆಯ ಫಲಿತಾಂಶ ಕೇಳುವ ಹಾಗೆ ಮಂದಿ ಸುಮ್ಮನೆ ಕೇಳುತ್ತಿದ್ದರು. ಅವರಲ್ಲಿ ಮುಕ್ಕಾಲು ಮಂದಿಯ ಬಳಿ ಸೈಕಲ್ಲೂ ಇರಲಿಲ್ಲ ಎಂಬುದು ಬೇರೆ ಮಾತು.

ಅವನ ಪ್ರೀತಿಯೆಲ್ಲ ಉತ್ತುಂಗ ಮೋಟರ್ಸ್ ಕಂಪನಿಯ ಟಕ್ಕರ್ ಎಂಬ ಗಾಡಿಯ ಮೇಲೆ. ಟಕ್ಕರ್ ಎಂದರೆ ಚೌಕಾಕಾರದ, ಎತ್ತರದ, ಅಂದಚಂದದ ಗೊಡವೆಯಿಲ್ಲದ ಗಾಡಿ. ಕಲ್ಲಿನ ಕ್ವಾರಿಗೂ ಇಳಿಯುತ್ತದೆ, ಎರೆಹೊಲದ ಕೆಸರಿನಿಂದಲೂ ಏಳುತ್ತದೆ. ಕಂಪನಿಯ ಪ್ರಕಾರ ಏಳು ಮಂದಿ ಕೂರಬಹುದು. ನಮ್ಮ ಕಡೆಯ ಪ್ರಕಾರ ಹನ್ನೆರಡು. ಟಕ್ಕರ್ ಅಭಿಮಾನಿಗಳದೊಂದು ಗುಂಪು ಮೊಬೈಲಿನಲ್ಲಿತ್ತು. ಅದರಲ್ಲಿ ಇಮಾಮಹುಸೇನ "ನಾನು ಹತ್ತೊಂಬತ್ತು ವರ್ಷಗಳಿಂದ ಟಕ್ಕರ್‌ನಲ್ಲಿ ಓಡಾಡುತ್ತಿದ್ದೇನೆ" ಎಂದು ಬರೆದುಕೊಂಡಿದ್ದ. ಸುಳ್ಳೇನಲ್ಲ. ಗೆಳೆಯ ಯಮನೂರ ಇಳಕಲ್ಲಿನಿಂದ ಹುನಗುಂದಕ್ಕೆ ಸೀಟಿನ ಲೆಕ್ಕದಲ್ಲಿ ಮಂದಿಯನ್ನು ಸಾಗಿಸುವ ಟಕ್ಕರ್‌ನ ನಡುವಿನ ಸೀಟಿನಲ್ಲಿ ಅವನು ಹತ್ತೊಂಬತ್ತು ವರ್ಷ ಓಡಾಡಿದ್ದು ಖರೆಯೇ.

ಜನವರಿಯ ಮೊದಲ ತಾರೀಖು ಚಹಾದಂಗಡಿಯಲ್ಲಿ ಸಿಡಿಲು ಬಡಿಯಿತು.

"ಟಕ್ಕರ್, ಎರಡು ಸಾವಿರದಾ ಒಂಬೈನೂರಾ ಹನ್ನೊಂದು" ಎಂದು ಓದಿ ಇಮಾಮಹುಸೇನ ಕನ್ನಡಕ ತೆಗೆದ. "ಹ್ವಾದ ವರ್ಷ ಇದ ತಿಂಗಳು ಐದು ಸಾವಿರದ ಮ್ಯಾಲಿತ್ತು. ಕೆಳಗ ಇನ್ನೊಂದು ಸುದ್ದಿ ಬರ್ದಾರ. ಹಳೇ ಟಕ್ಕರ್ ಬಂದ್ ಮಾಡ್ತಾರಂತ. ಹೊಸಾದು ಟಕ್ಕರ್ ನೋವಾ ಅಂತ ಬರ್ತದಂತ."

ಚಿತ್ರ ಕೈಯಿಂದ ಕೈಗೆ ಹೋಯಿತು. ನೋವಾ ನೆಲಕ್ಕೆ ಹತ್ತಿಕೊಂಡಂತೆ ತಗ್ಗಾಗಿತ್ತು, ಸಾಬೂನಿನಂತೆ ನುಣ್ಣಗಿತ್ತು, ಒಳಗೆ ಟೀವಿಯಷ್ಟು ದೊಡ್ಡ ಪರದೆಯಿತ್ತು.

ತಿಮ್ಮಣ್ಣ ಚಹಾ ಸೋಸುವುದನ್ನು ನಿಲ್ಲಿಸಿ ನೋಡಿದ. "ಕಾಲು ಮುರದ ಎಮ್ಮಿ ಕುಂತಂಗ ಐತಲೇ ಇಮಾಮ."

"ಬಾಗಲಕ್ಕ ಹಿಡಿಕಿನ ಇಲ್ಲಲ್ಲೋ" ಎಂದ ಯಮನೂರ. "ಮಂದಿ ಎಲ್ಲಿ ಜೋತು ಬೀಳಬೇಕು?"

ಅಂದು ಇಮಾಮಹುಸೇನ ಅಂಗಡಿಗೆ ಮರಳಿದವನು ಸೀರೆ ಮಡಚುತ್ತ ಮಡಚುತ್ತಲೇ ಗುಂಪಿನಲ್ಲಿ ಬರೆದ: "ಕಂಪನಿಯ ಸಾಹೇಬರೇ, ನಾನು ಇಳಕಲ್ಲಿನವನು. ಇಳಕಲ್ ಸೀರೆಗೆ ನೀವು ಯಾವ ಬಣ್ಣದ ಒಡಲಾದರೂ ಹಾಕಿ, ಹೆಣ್ಣುಮಕ್ಕಳು ಉಡುತ್ತಾರೆ. ಸೆರಗಿನ ಮೇಲೆ ನೇಯುವ ತೆನಿಯ ಚಿತ್ತಾರ ತೆಗೆದರೆ ಅದು ಇಳಕಲ್ ಸೀರೆ ಅಲ್ಲ. ನೀವು ಟಕ್ಕರ್‌ನ ಸೆರಗೇ ಕತ್ತರಿಸಿದ್ದೀರಿ. ನಾವು ಒಪ್ಪುವುದಿಲ್ಲ." ಕೆಳಗೆ ಸಹಿ: ಟಕ್ಕರ್ ಇಮಾಮಹುಸೇನ, ಇಳಕಲ್.

ಆ ನಾಲ್ಕು ಸಾಲು ಊರೂರು ತಿರುಗಿತು. ಹನ್ನೊಂದು ಸಾವಿರ ಮಂದಿ ಮೆಚ್ಚಿದರು. ಪಂಜಾಬಿನವನೊಬ್ಬ ಅದನ್ನು ಅನುವಾದ ಮಾಡಿಸಿ ತನ್ನ ಗಾಡಿಯ ಹಿಂದೆ ಬರೆಸಿದ. ಸುದ್ದಿ ಕಂಪನಿಯ ಕಿವಿಗೂ ಬಿತ್ತು. ನೋವಾ ಗಾಡಿಯನ್ನು ನಮ್ಮ ಭಾಗದಲ್ಲಿ ಬಾಗಲಕೋಟೆಯ ನವನಗರದಲ್ಲಿಯೇ ಬಿಡುಗಡೆ ಮಾಡುವುದು, ಈ ಮುನಿಸಿಕೊಂಡ ಅಭಿಮಾನಿಯ ಕೈಗೇ ಕೀಲಿ ಕೊಟ್ಟು ಓಡಿಸುವುದು, ಆಗ ಎಲ್ಲರೂ ತಣ್ಣಗಾಗುತ್ತಾರೆ ಎಂದು ಮೇಲಿನವರು ಯೋಚಿಸಿದರು. ಏರ್ಪಾಟಿನ ಹೊಣೆ ವಿದ್ಯಾ ಎಂಬ ಅಧಿಕಾರಿಯ ಮೇಲೆ ಬಿತ್ತು.

ವಿದ್ಯಾ ಫೋನು ಮಾಡಿದ ಹೊತ್ತಿಗೆ ಅಂಗಡಿಯಲ್ಲಿ ಮದುವೆ ಜವಳಿಯ ಗಿರಾಕಿಗಳು ತುಂಬಿದ್ದರು. ಇಮಾಮಹುಸೇನ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು ಎರಡೂ ಕೈಯಿಂದ ಸೀರೆ ಹಾಸುತ್ತಿದ್ದ.

"ಸರ್, ನಾನು ಉತ್ತುಂಗ ಮೋಟರ್ಸ್‌ನಿಂದ ಮಾತಾಡ್ತಿದ್ದೇನೆ. ನಿಮ್ಮ ಬಳಗದಲ್ಲಿ ಒಟ್ಟು ಎಷ್ಟು ಟಕ್ಕರ್ ಇವೆ?" ಎಂದು ಫೋನಿನಲ್ಲಿ ವಿದ್ಯಾ ಕೇಳಿದಳು.

"ಈ ನಮೂನಿ ಎಷ್ಟು ಅದಾವ್ರಿ?" ಎಂದು ಎದುರಿಗೆ ಕುಳಿತ ಬದಾಮಿಯ ಬೀಗತಿ ಕೇಳಿದಳು.

"ನಲವತ್ತೊಂದು ಅದಾವ್ರಿ" ಎಂದ ಇಮಾಮಹುಸೇನ, ಬೀಗತಿಗೆ.

"ನಲವತ್ತೊಂದಾ ಸರ್? ಎಲ್ಲವನ್ನೂ ತರೋಕಾಗುತ್ತಾ?"

"ಎಲ್ಲಾ ತೋರಸ್ತೀರೇನು?" ಎಂದಳು ಬೀಗತಿ.

"ಎಲ್ಲಾ ತಂದು ನಿಮ್ಮ ಮುಂದ ಸಾಲಾಗಿ ಹಚ್ತೇನಿ. ಒಂದೂ ಬಿಡಂಗಿಲ್ಲ. ನಾ ಇದ್ದೇನಲ್ಲ, ನೀವ್ಯಾಕ ಕಾಳಜಿ ಮಾಡ್ತೀರಿ?"

ಅತ್ತ ವಿದ್ಯಾ ಆ ಸಂಖ್ಯೆ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ಇಷ್ಟು ಸರಳವಾಗಿ ಒಪ್ಪಿದ ಗ್ರಾಹಕ ಅವಳ ಕೆಲಸದ ಜೀವನದಲ್ಲಿ ಇದೇ ಮೊದಲು. ಇಮಾಮಹುಸೇನ ಸೀರೆ ಬಿಟ್ಟು ಫೋನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅವಳು ಧನ್ಯವಾದ ಹೇಳಿ ಇಟ್ಟುಬಿಟ್ಟಿದ್ದಳು.

ಎರಡು ದಿನ ಬಿಟ್ಟು ಪತ್ರಿಕೆಯ ಜೊತೆ ಹಾಳೆಯೊಂದು ಮನೆಮನೆಗೆ ಬಂತು. "ಬರುವ ಭಾನುವಾರ ಇಳಕಲ್ಲಿನಿಂದ ಬಾಗಲಕೋಟೆಗೆ ನಲವತ್ತೊಂದು ಟಕ್ಕರ್‌ಗಳ ಭವ್ಯ ಮೆರವಣಿಗೆ. ನೇತೃತ್ವ: ಶ್ರೀ ಟಕ್ಕರ್ ಇಮಾಮಹುಸೇನ. ಟಕ್ಕರ್ ನೋವಾ ಗಾಡಿಯನ್ನು ಸ್ವತಃ ಓಡಿಸಿ ಲೋಕಾರ್ಪಣೆ ಮಾಡುವವರು: ಅವರೇ."

ಇಮಾಮಹುಸೇನ ಅದನ್ನು ಮೂರು ಸಲ ಓದಿದ. ನಾಲ್ಕನೆಯ ಸಲ ರಂಜಾನಬಿ ಓದಿದಳು.

"ಏನ್ರಿ, ನಿಮ್ಮ ಕಡೆ ನಲವತ್ತೊಂದು ಗಾಡಿ ಅದಾವಂತ. ನನಗ ಒಂದು ಮಿಕ್ಸರ್ ತರಾಕ ಎರಡು ವರ್ಷಾತು."

"ಅವು ಸೀರಿ, ರಂಜಾನಾ."

"ಸೀರಿ ಓಡಸ್ಕೊಂಡ ಹೋಗ್ತೀರೇನು ಬಾಗಲಕೋಟಿಗೆ?"

ಊರಿನವರ ಸಂಭ್ರಮ ಕೇಳಬೇಡಿ. ಅಬ್ದುಲಸಾಬರು ಕೇಳದೆಯೇ ರಜೆ ಕೊಟ್ಟರು, ಮೊದಲ ಗಾಡಿಗೆ ಅಂಗಡಿಯ ಹೆಸರಿನ ಬಟ್ಟೆ ಕಟ್ಟಬೇಕೆಂಬ ಷರತ್ತಿನ ಮೇಲೆ. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಬದಾಮಿಯ ಷಡ್ಡಕ ಫಾರೂಕ ಫೋನು ಮಾಡಿ, ಹಳೆಯದನ್ನೆಲ್ಲ ಮರೆತುಬಿಡೋಣ, ಕಿಟಕಿ ಪಕ್ಕದ ನಾಲ್ಕು ಸೀಟು ನಮಗಿರಲಿ ಎಂದ. ಇಮಾಮಹುಸೇನ ನಿಜ ಹೇಳಿಬಿಡಲು ವಿದ್ಯಾಳಿಗೆ ಫೋನು ಮಾಡಿದ.

"ಮೇಡಂ, ನಲವತ್ತೊಂದು ಅನ್ನೋದು ಸ್ವಲ್ಪ ಹೆಚ್ಚುಕಮ್ಮಿ ಆಗೇತ್ರಿ."

"ಹೆಚ್ಚಾದ್ರೆ ತೊಂದರೆಯಿಲ್ಲ ಸರ್. ಕಮ್ಮಿ ಮಾತ್ರ ಆಗಬಾರದು. ನಲವತ್ತೊಂದು ಹೂಮಾಲೆ ಹೇಳಿದ್ದೇವೆ. ನಮ್ಮ ದೊಡ್ಡ ಸಾಹೇಬರು ಪುಣೆಯಿಂದ ಬರ್ತಿದ್ದಾರೆ." ಇಲ್ಲಿಯವರೆಗೆ ಕಂಪನಿಯ ಕನ್ನಡದಲ್ಲಿ ಮಾತಾಡಿದ ವಿದ್ಯಾ ತಟ್ಟನೆ ತನ್ನೂರಾದ ತುಳಸಿಗೇರಿಯ ಕನ್ನಡಕ್ಕೆ ಇಳಿದಳು. "ಕಾಕಾ, ಇದು ಕೆಡ್ತಂದ್ರ ನನ್ನ ನೌಕರಿ ಹೊಕ್ಕೇತಿ. ನಿಮ್ಮನ್ನ ನಂಬೇನಿ ನೋಡ್ರಿ."

ಕಾಕಾ ಎಂದವಳ ನೌಕರಿ ಕಳೆಯುವುದು ಹೇಗೆ? "ಚಿಂತಿ ಮಾಡಬ್ಯಾಡವಾ" ಎಂದುಬಿಟ್ಟ ಇಮಾಮಹುಸೇನ. ಫೋನಿಟ್ಟ ಮೇಲೆ ಆ ಚಿಂತೆಯನ್ನೆಲ್ಲ ತಾನೇ ಮಾಡತೊಡಗಿದ.

ಮೆರವಣಿಗೆಯೆಂದ ಮೇಲೆ ಪೊಲೀಸರ ಪರವಾನಗಿ ಬೇಕು. ಅವನು ಯಮನೂರನನ್ನು ಕಟ್ಟಿಕೊಂಡು ಠಾಣೆಗೆ ಹೋದ. ಅರ್ಜಿ ಓದಿದ ಸಬ್ ಇನ್‌ಸ್ಪೆಕ್ಟರರ ಹುಬ್ಬು ಮೇಲಕ್ಕೆ ಹೋಯಿತು.

"ನಲವತ್ತೊಂದು ಗಾಡಿ. ಯಾವ ಪಕ್ಷ?"

"ಪಕ್ಷ ಇಲ್ರಿ ಸಾಹೇಬ್ರ. ಟಕ್ಕರ್."

"ಯಾರಿಗೆ ಟಕ್ಕರ್?"

"ಯಾರಿಗೂ ಅಲ್ರಿ. ಬರೇ ಟಕ್ಕರ್."

"ನಲವತ್ತೊಂದು ಗಾಡಿ ತುಂಬ ಮಂದಿ ಕರ್ಕೊಂಡು ಬಾಗಲಕೋಟಿಗೆ ಟಕ್ಕರ್ ಕೊಡಾಕ ಹೊಂಟೀರಿ, ಯಾರಿಗೆ ಅನ್ನೋದು ಹೇಳಂಗಿಲ್ಲ. ಗಲಾಟಿ ಮಾಡಂಗಿಲ್ಲ ಅಂತ ಬಾಂಡ್ ಬರಸ್ಕೊಳ್ಳೇನು?"

ಯಮನೂರ ಹೊರಗೆ ನಿಲ್ಲಿಸಿದ್ದ ತನ್ನ ಗಾಡಿಯ ಹೆಸರನ್ನು ಬೆರಳು ಮಾಡಿ ತೋರಿಸಿದ ಮೇಲೆ ಅವರ ಮುಖ ಸಡಿಲಾಯಿತು. "ಮೊದಲ ಹೇಳಬಾರದೇನ್ರಿ. ನಮ್ಮ ಮಾವನ ಕಡೆನೂ ಒಂದು ಐತಿ. ಹೆಡ್‌ಲೈಟ್ ಸಿಗವಲ್ದಂತ ಒಂದು ಕಣ್ಣಿಲೆ ಓಡಸಾಕತ್ಯಾರ." ಸಹಿ ಬಿತ್ತು. ಆದರೆ ಅರ್ಜಿಯ ಕೆಳಗೆ ಷರತ್ತೂ ಬಿತ್ತು: ಹೇಳಿದ ಸಂಖ್ಯೆಗಿಂತ ಒಂದು ಗಾಡಿಯೂ ಹೆಚ್ಚಾಗಬಾರದು. ಅದನ್ನು ಓದಿ ಇಮಾಮಹುಸೇನನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದಿಗೆ ಅವನ ಬಳಿ ಇದ್ದದ್ದು ಒಂದೇ ಗಾಡಿ, ಅದೂ ಯಮನೂರನದು.

ಗಾಡಿ ಹುಡುಕಲು ಇಬ್ಬರೂ ಹೊರಟರು. ಕ್ವಾರಿಗಳಲ್ಲಿ ನಾಲ್ಕು ಸಿಕ್ಕವು. ಹುನಗುಂದದಲ್ಲಿ ಮೂರು, ಅದರಲ್ಲೊಂದರೊಳಗೆ ಕೋಳಿ ಗೂಡು ಕಟ್ಟಿದ್ದರು, ಗೂಡಿನಲ್ಲಿ ಕೋಳಿಗಳೂ ಇದ್ದವು. ಗುರುವಾರ ಸಂಜೆ ಗುಡೂರಿನ ತಾಯವ್ವನ ಹೊಲಕ್ಕೆ ಬಂದರು. ತಾಯವ್ವ ಉಳ್ಳಾಗಡ್ಡಿ ಬೆಳೆದು ತಾನೇ ಟಕ್ಕರ್ ಓಡಿಸಿಕೊಂಡು ಸಂತೆಗೆ ಒಯ್ಯುವ ಹೆಣ್ಣುಮಗಳು. ಹಾಳೆ ಓದಿ ಅವಳು ಇಮಾಮಹುಸೇನನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆ ಸೆರಗಿನ ಮಾತು ಬರದಾವ ನೀನ ಏನಪಾ?"

"ಹೌದವ್ವಾ."

"ಖರೇನ ಬರದಿ. ನನ್ನ ಗಾಡಿ ಹಿಂದಿನ ಬಾಗಲಾ ಹರದು ಎಂಟು ತಿಂಗಳಾತು. ಸಾಮಾನು ಕೇಳಾಕ ಹೋದ್ರ, ಹಳೇ ಗಾಡಿ ಬಿಡ್ರಿ ಹೊಸಾದು ಬರ್ತದ ಅಂತಾರ. ಹ್ವಾದ ತಿಂಗಳು ನಮ್ಮ ಮೈದುನ ಹೊಸಾ ಟಕ್ಕರ್ ತಗೊಳ್ಳಾಕ ಹೋದ್ರ ಇಲ್ಲ ಅಂದ್ರು. ಬರ್ತೇನಿ ನಡಿ. ಆ ದೊಡ್ಡ ಸಾಹೇಬ್ಗ ಎರಡು ಮಾತು ನಂದೂ ಅದಾವು." ಆಮೇಲೆ ಫೋನು ತೆಗೆದಳು. "ಸಂತಿ ಮಂದೀಗೂ ಹೇಳ್ತೇನಿ ತಡಿ."

ತಾಯವ್ವ ಎಷ್ಟು ಮಂದಿಗೆ ಹೇಳಿದಳೋ, ಅವರು ಮತ್ತೆಷ್ಟು ಮಂದಿಗೆ ಹೇಳಿದರೋ. ಭಾನುವಾರ ಬೆಳಿಗ್ಗೆ ಇಮಾಮಹುಸೇನ ಒಂಬತ್ತೋ ಹತ್ತೋ ಗಾಡಿಯ ನಿರೀಕ್ಷೆಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದರೆ ರಸ್ತೆ ಕಾಣಲಿಲ್ಲ. ಟಕ್ಕರ್ ಹಿಂದೆ ಟಕ್ಕರ್. ಬಾಗಿಲಿಗೆ ಹಗ್ಗ ಕಟ್ಟಿದವು, ಕಿಟಕಿಗೆ ಗೋಣಿಚೀಲ ಹೊಲಿದವು, ಕಲ್ಲಿನ ಪುಡಿಯಲ್ಲಿ ಬಣ್ಣವೇ ಮರೆತವು. ಸಬ್ ಇನ್‌ಸ್ಪೆಕ್ಟರರು ಎಣಿಸಿ ಎಣಿಸಿ ಅರವತ್ತೇಳಕ್ಕೆ ಬಂದು ನಿಂತರು.

"ಇಮಾಮ್‌ಸಾಬ, ನಲವತ್ತೊಂದು ಅಂದಿದ್ರಿ."

"ಹೌದ್ರಿ ಸಾಹೇಬ್ರ. ಕಮ್ಮಿ ಆಗಬಾರದು ಅಂತ ಹೇಳಿದ್ರು."

ಅವರು ಒಂದು ಗಳಿಗೆ ಯೋಚಿಸಿ, ಸಾಲಿನ ಕೊನೆಯಲ್ಲಿ ಒಂದು ಕಣ್ಣಿನ ಗಾಡಿಯಲ್ಲಿ ಕುಳಿತ ತಮ್ಮ ಮಾವನನ್ನು ಕಂಡು, ಸೀಟಿ ಊದಿ ದಾರಿ ಬಿಡಿಸಿದರು.

ಮೊದಲ ಗಾಡಿ ಯಮನೂರನದು. ಮುಂದಿನ ಸೀಟಿನಲ್ಲಿ ಅತ್ತೆ ಕಾಸಿಂಬಿ, ನಡುವಿನ ಸೀಟಿನಲ್ಲಿ ರಂಜಾನಬಿ ಮತ್ತು ನೇತಾರರು. ಹುನಗುಂದದಲ್ಲಿ ಮಂದಿ ಹೂ ಎಸೆದರು. ಅಮೀನಗಡದಲ್ಲಿ ಅರವತ್ತೇಳು ಗಾಡಿಯೂ ಒಮ್ಮೆಲೆ ಅಲ್ಲಿನ ಹೆಸರಾದ ಸಿಹಿ ಕರದಂಟು ಕೊಳ್ಳಲು ನಿಂತದ್ದರಿಂದ ಬಸ್ಸುಗಳು ಅರ್ಧ ತಾಸು ತಡವಾದವು. ಬಸ್ಸಿನ ಪ್ರಯಾಣಿಕರೂ ಇಳಿದು ಕರದಂಟು ಕೊಂಡರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಇಮಾಮಹುಸೇನ ಮಾತ್ರ ಒಂದು ತುಂಡೂ ನುಂಗಲಾರದೆ ಕುಳಿತಿದ್ದ. ಗಾಡಿಗಳೇನೋ ಆದವು. ವೇದಿಕೆಯ ಮೇಲೆ ಕೀಲಿ ಕೊಟ್ಟಾಗ?

"ರಂಜಾನಾ, ಕ್ಲಚ್ ಎಡಗಾಲೋ ಬಲಗಾಲೋ?"

"ನೀವು ಯಾವ ಕಾಲಿಟ್ರೂ ಅಷ್ಟ. ಸುಮ್ಮ ಖರೆ ಹೇಳಿಬಿಡ್ರಿ" ಎಂದಳು ರಂಜಾನಬಿ, ಕರದಂಟು ಅಗಿಯುತ್ತ.

ನವನಗರದ ಮೈದಾನದಲ್ಲಿ ಬಾಗಲಕೋಟೆ, ಬದಾಮಿಗಳ ಗಾಡಿಗಳೂ ಬಂದು ಸೇರಿದ್ದವು. ವಿದ್ಯಾ ಹೂಮಾಲೆ ಸಾಲದೆ ಒಂದೊಂದನ್ನು ಎರಡೆರಡು ತುಂಡು ಮಾಡಿಸುತ್ತಿದ್ದಳು. ಎತ್ತರದ ವೇದಿಕೆಯ ಮೇಲೆ ಕೆಂಪು ಬಟ್ಟೆ ಸರಿಸಿದಾಗ ನೋವಾ ಬೆಳ್ಳಿಯಂತೆ ಹೊಳೆಯಿತು. ಅದರ ಪಕ್ಕದಲ್ಲಿ ಅಷ್ಟೇ ಹೊಳೆಯುವ ಬೂಟು ಹಾಕಿಕೊಂಡ ದೊಡ್ಡ ಸಾಹೇಬರು. ಟಕ್ಕರ್ ಮಾರಾಟ ಬಿದ್ದಿದೆ, ಕಾಲ ಬದಲಾಗಿದೆ, ಜನರಿಗೆ ಈಗ ಹೀಗೆಯೇ ಬೇಕು ಎಂದು ಅವರು ಹಿಂದಿಯಲ್ಲಿ ಮಾತಾಡಿ, ಇಮಾಮಹುಸೇನನ ಕೈಗೆ ಕೀಲಿ ಇಟ್ಟರು.

ಇಮಾಮಹುಸೇನನ ಕಾಲಿಗೆ ಕ್ಲಚ್ಚು ಯಾವುದೆಂದು ಇನ್ನೂ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಗಿರಾಕಿಯನ್ನು ಸಂಭಾಳಿಸಿದ ನಾಲಿಗೆಗೆ ಮಾತ್ರ ತನ್ನ ಕೆಲಸ ಗೊತ್ತಿತ್ತು.

"ಸಾಹೇಬ್ರ, ನಮ್ಮ ಕಡೆ ಹೊಸಾ ಗಾಡ್ಯಾಗ ಮೊದಲ ಹಿರೇರು ಕುಂಡ್ರಬೇಕು. ನಮ್ಮ ಅತ್ತಿನ ಕರೀತೇನಿ."

ಎಪ್ಪತ್ತೆಂಟರ ಕಾಸಿಂಬಿ ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದು, ಕೋಲೂರಿಕೊಂಡು ವೇದಿಕೆ ಹತ್ತಿದಳು. ಬಿಸ್ಮಿಲ್ಲಾ ಎಂದು ನೋವಾದ ಹಿಂದಿನ ಸೀಟಿನಲ್ಲಿ ಕೂರಲು ಬಾಗಿದಳು, ಬಾಗಿದವಳು ಇಳಿದಳು, ಇಳಿದಳು, ಇಳಿಯುತ್ತಲೇ ಹೋದಳು. ಕೊನೆಗೆ ಕಿಟಕಿಯ ಅಂಚಿನ ಮೇಲೆ ಅವಳ ನೆತ್ತಿಯಷ್ಟೇ ಕಂಡಿತು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಅದರ ಹಿಡಿಕೆ ಹಾವಿನ ನಾಲಿಗೆಯಂತೆ ಒಳಗೆ ಸರಿದು ಮಾಯವಾಯಿತು.

ಒಂದು ನಿಮಿಷ ಕಾದರು. ಸಾಹೇಬರು ನಗುತ್ತ ಬಾಗಿಲು ತಡವಿದರು. ಹಿಡಿಕೆ ಬರಲಿಲ್ಲ. ಮೊಬೈಲಿನಿಂದ ತೆರೆಯುತ್ತದೆ ಎಂದು ಮೊಬೈಲು ಒತ್ತಿದರು. ಮೈದಾನದಲ್ಲಿ ಸಾವಿರ ಮಂದಿ ಚಿತ್ರ ಕಳಿಸುತ್ತಿದ್ದುದರಿಂದ ನೆಟ್‌ವರ್ಕ್ ಇರಲಿಲ್ಲ. ಕೊನೆಗೆ ತಾಯವ್ವ ವೇದಿಕೆ ಹತ್ತಿ ಬಂದು, ಹರಿದ ಬಾಗಿಲುಗಳ ಅನುಭವವೆಲ್ಲ ಬಳಸಿ, ಬಾಗಿಲ ಮೇಲೊಂದು ಸರಿಯಾದ ಗುದ್ದು ಕೊಟ್ಟಳು. ತೆರೆಯಿತು.

ಒಳಗಿನಿಂದ ಕಾಸಿಂಬಿಯ ದನಿ ಮೈಕಿನಲ್ಲಿ ಕೇಳಿಸಿತು. "ಅಳಿಯಾ, ಇದು ಕಾರೋ ಹಾಸಿಗಿಯೋ? ಹಾಸಿಗಿ ಆದ್ರ ಒಂದು ದಿಂಬು ಕೊಡು. ಕಾರ್ ಆದ್ರ ನನ್ನ ಎಬ್ಬಸು."

ಇಮಾಮಹುಸೇನ ಒಂದು ಕೈ ಹಿಡಿದ, ತಾಯವ್ವ ಇನ್ನೊಂದು, ವಿದ್ಯಾ ಬೆನ್ನು, ದೊಡ್ಡ ಸಾಹೇಬರು ಕೋಲು. ಮೂರನೆಯ ಸಲ ಜಗ್ಗಿದಾಗ ಕಾಸಿಂಬಿ ಹೊರಬಂದಳು. ಮೈದಾನ ನಕ್ಕ ನಗು ಬಾಗಲಕೋಟೆಯ ಹಳೆಯ ಊರಿನವರೆಗೆ ಕೇಳಿಸಿರಬೇಕು.

ಸಾಹೇಬರ ಮುಖ ಕೆಂಪಾಯಿತು. ವಯಸ್ಸಾದವರ ಮಾತು ಬೇರೆ, ನೀವು ಓಡಿಸಿ ನೋಡಿ ಹೇಳಿ ಎಂದರು. ವಿದ್ಯಾ ಅದನ್ನು ಕನ್ನಡಕ್ಕೆ ತಿರುಗಿಸಿದಳು. ಇಮಾಮಹುಸೇನ ಕೆಳಗೆ ನೋಡಿದ. ರಂಜಾನಬಿ ಅವನತ್ತ ನೋಡಿ ಹೂಂ ಎಂದು ತಲೆಯಾಡಿಸಿದಳು. ಅವನು ಕೀಲಿಯನ್ನು ಸಾಹೇಬರ ಅಂಗೈಯಲ್ಲಿಟ್ಟು ಮೈಕು ಹಿಡಿದ.

"ನನಗ ಗಾಡಿ ಓಡಸಾಕ ಬರಂಗಿಲ್ಲ."

ಚಹಾದಂಗಡಿಗೆ ಬೀಗ ಹಾಕಿ ಬಂದಿದ್ದ ತಿಮ್ಮಣ್ಣ ಬಾಯಿ ತೆರೆದವನು ಮುಚ್ಚುವುದನ್ನು ಮರೆತ.

"ಹತ್ತೊಂಬತ್ತು ವರ್ಷ ನಾ ಟಕ್ಕರ್‌ನ್ಯಾಗ ಕುಂತೇನಿ. ಬರೇ ಕುಂತೇನಿ. ಸಾಹೇಬ್ರ, ಒಂದು ಗಾಡಿ ಓಡ್ಸಾವ ಒಬ್ಬ. ಕುಂಡ್ರಾವ್ರು ನಿಮ್ಮ ಲೆಕ್ಕದಾಗ ಆರು, ನಮ್ಮ ಲೆಕ್ಕದಾಗ ಹನ್ನೊಂದು. ನೀವು ಆ ಒಬ್ಬನ್ನ ಕೇಳಿ ಗಾಡಿ ಮಾಡ್ತೀರಿ. ಹನ್ನೊಂದು ಮಂದೀನ ಯಾರು ಕೇಳ್ಬೇಕು? ಗಾಡಿ ತಗೋಬೇಕಾರ ಮನ್ಯಾಗ ಮೊದಲ ಕೇಳೋದು, ಅವ್ವ ಹತ್ತತಾಳೋ ಇಲ್ಲೋ ಅಂತ. ಇನ್ನೊಂದು ಮಾತು. ನಾ ಸೀರಿ ಮಾರಾವ. ಅಂಗಡ್ಯಾಗ ಸೀರಿನ ಇಡಲಾರದ, ಮಂದಿ ಸೀರಿ ತಗೊಳ್ಳವಲ್ರು ಅಂದ್ರ ನಮ್ಮ ಮಾಲಕ್ರು ನನ್ನ ಹೊರಗ ಹಾಕ್ತಾರ. ನಿಮ್ಮ ಅಂಗಡ್ಯಾಗ ಟಕ್ಕರ್ ಇಲ್ಲ, ಸಾಮಾನಿಲ್ಲ. ಎರಡು ಸಾವಿರದಾ ಒಂಬೈನೂರಾ ಹನ್ನೊಂದು ಹೆಂಗ ಮಾರಿದ್ರಿ ಅನ್ನೋದ ದೊಡ್ಡದು."

ಮೊದಲು ಯಮನೂರ ಹಾರ್ನ್ ಒತ್ತಿದ. ಆಮೇಲೆ, ಅಷ್ಟರಲ್ಲಿ ವೇದಿಕೆ ಇಳಿದು ತನ್ನ ಗಾಡಿಗೆ ಬಂದಿದ್ದ ತಾಯವ್ವ. ಆಮೇಲೆ ಮೈದಾನದಲ್ಲಿದ್ದ ಟಕ್ಕರ್‌ಗಳೆಲ್ಲ ಒಮ್ಮೆಲೆ. ನವನಗರದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಸದ್ದು ಅಡಗುವವರೆಗೆ ದೊಡ್ಡ ಸಾಹೇಬರು ಕೀಲಿ ಹಿಡಿದು ನಿಂತೇ ಇದ್ದರು. ನಂತರ ವಿದ್ಯಾಳನ್ನು ಕರೆದು, ಅವನ ಮಾತನ್ನೆಲ್ಲ ಹಿಂದಿಯಲ್ಲಿ ಹೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು: ಈ ಮನುಷ್ಯನನ್ನು ಇಲ್ಲಿಗೆ ಕರೆತಂದವರು ಯಾರು? ನಾನೇ ಎಂದಳು ವಿದ್ಯಾ, ನೌಕರಿಯ ಆಸೆ ಬಿಟ್ಟು. ಸಾಹೇಬರು ಅವಳ ಬೆನ್ನು ತಟ್ಟಿ ವೇದಿಕೆಯಿಂದ ಇಳಿದು, ತಾಯವ್ವನ ಗಾಡಿಯ ಹಿಂದೆ ಇಲ್ಲದ ಬಾಗಿಲನ್ನು ಬಗ್ಗಿ ನೋಡತೊಡಗಿದರು. ತಾಯವ್ವ ತನ್ನ ಎರಡು ಮಾತು ಮುಗಿಸಲು ಮುಕ್ಕಾಲು ತಾಸು ತೆಗೆದುಕೊಂಡಳು.

ಮಾರ್ಚಿನಲ್ಲಿ ಹಳೆಯ ಟಕ್ಕರ್ ಮತ್ತೆ ಅಂಗಡಿಗೆ ಬಂತು, ಹತ್ತಲು ಒಂದು ಮೆಟ್ಟಿಲು, ಹಿಡಿಯಲು ಒಂದು ಗಟ್ಟಿ ಹಿಡಿಕೆ ಹೆಚ್ಚಾಗಿ. ಏಪ್ರಿಲ್ ಮುಗಿಯುವಷ್ಟರಲ್ಲಿ ತಿಂಗಳ ಲೆಕ್ಕ ಆರು ಸಾವಿರದ ನೂರಾ ನಲವತ್ತಕ್ಕೆ ಏರಿತು. ನೋವಾವನ್ನು ಕಂಪನಿ ಮತ್ತೆ ಕಾರ್ಖಾನೆಗೆ ಕರೆಸಿಕೊಂಡಿತು. ತಾಯವ್ವನಿಗೆ ಬಾಗಿಲು ಬಂತು, ಸಬ್ ಇನ್‌ಸ್ಪೆಕ್ಟರರ ಮಾವನಿಗೆ ಎರಡನೆಯ ಕಣ್ಣು ಬಂತು, ವಿದ್ಯಾಳಿಗೆ ಬಡ್ತಿ ಬಂತು. ಓಡಿಸಲು ಬಾರದವನೆಂದು ಗೊತ್ತಾದ ಮೇಲೆ ಇಮಾಮಹುಸೇನನ ಮಾನ ಕಡಿಮೆಯಾಯಿತೆಂದುಕೊಂಡರೆ ತಪ್ಪು. ಈಗ ಊರಿನಲ್ಲಿ ಯಾರು ಗಾಡಿ ಕೊಳ್ಳುವುದಿದ್ದರೂ ಮೊದಲು ಅವನನ್ನು ಕರೆದೊಯ್ದು ಹಿಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಅವನು ಕಣ್ಣು ಮುಚ್ಚಿ ಐದು ನಿಮಿಷ ಕೂರುತ್ತಾನೆ. ಹೂಂ ಎಂದರೆ ವ್ಯವಹಾರ ಮುಗಿದಂತೆ.

ಮೇ ತಿಂಗಳಲ್ಲಿ ಪುಣೆಯಿಂದ ದಪ್ಪ ಲಕೋಟೆಯೊಂದು ಬಂತು. ಇಮಾಮಹುಸೇನ ಅಬ್ದುಲಸಾಬರ ಎದುರಿಗೇ, ಗಿರಾಕಿಗಳ ಎದುರಿಗೇ ಗತ್ತಿನಿಂದ ಒಡೆದು ಗಟ್ಟಿಯಾಗಿ ಓದಿದ. ಹೊಸ ಗಾಡಿಗಳ ಸೀಟು ಪರೀಕ್ಷಿಸಲು ಕಂಪನಿ ತಜ್ಞರೊಬ್ಬರನ್ನು ಗೌರವದಿಂದ ಆಹ್ವಾನಿಸಿತ್ತು: ಶ್ರೀಮತಿ ಕಾಸಿಂಬಿ, ಇಳಕಲ್. ಜೊತೆಗೆ ಒಬ್ಬ ಸಹಾಯಕರನ್ನು ಕರೆತರಬಹುದು.

ಓದು ಅಲ್ಲಿಗೆ ಸ್ವಲ್ಪ ಮೆತ್ತಗಾಯಿತು. ಆದರೂ ಅವನು ಕಾಗದ ಹಿಡಿದು ಮನೆಗೆ ಓಡಿದ. ಕಾಸಿಂಬಿ ಕಟ್ಟೆಯ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅಳಿಯ ಹೇಳಿದ್ದನ್ನೆಲ್ಲ ಕೇಳಿದಳು. ಹುಬ್ಬಳ್ಳಿಯಿಂದ ವಿಮಾನದಲ್ಲಿ ಕರೆದೊಯ್ಯುತ್ತಾರಂತೆ ಎಂಬುದನ್ನೂ ಕೇಳಿದಳು. ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ಬರ್ತೇನಿ ಅಂತ ಬರಿ. ಅದಕ್ಕೂ ಮೊದಲ, ವಿಮಾನದ ಮೆಟ್ಟಿಲು ಎಷ್ಟು ಎತ್ತರ ಅದಾವು ಕೇಳು."